ಕೊನೆಗೇನಾಯ್ತು?

ಮೇಷ್ಟ್ರು ಸಿನಿಮಾ ನೋಡುವಾಗ ನಿದ್ದೆ ಹೋಗಿದ್ದರು. ನಡೆದದ್ದು ಇಷ್ಟೇ. ಲೋಕದಲ್ಲಿ ಎಷ್ಟೋ ಜನ ಸಿನಿಮಾ ನೋಡುತ್ತ ನಿದ್ದೆ ಹೋಗುತ್ತಾರೆ, ದೀಪ ಹತ್ತಿದಾಗ ಕಣ್ಣುಜ್ಜಿಕೊಂಡು ಮನೆಗೆ ಹೋಗುತ್ತಾರೆ, ಯಾರ ಗಂಟೂ ಹೋಗುವುದಿಲ್ಲ. ಆದರೆ ಹಾಗೆ ನಿದ್ದೆ ಹೋದ ಸಿನಿಮಾದ ಮೇಲೆಯೇ ಪ್ರಬಂಧ ಮಂಡಿಸಲು ಹೊರಟವರು ಬಹುಶಃ ಮೇಷ್ಟ್ರೊಬ್ಬರೇ.

ಅವರು ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುವವರು. ಯಾವ ಮಾತಾಡಿದರೂ ಅದಕ್ಕೊಂದು ಬಾಲ ಅಂಟಿಸುತ್ತಿದ್ದುದರಿಂದ ಹುಡುಗರು ಅವರಿಗೆ ‘ಅಡಿಟಿಪ್ಪಣಿ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. “ಕಿಟಕಿ ಮುಚ್ಚಪ್ಪ” ಅಂದರೆ ಮುಗಿಯಿತಲ್ಲ, “ಇಲ್ಲಿ ಕಿಟಕಿ ಎಂದರೆ ಎಡಗಡೆಯದು, ಮುಚ್ಚುವುದು ಎಂದರೆ ಅರ್ಧ” ಎಂದೂ ಸೇರಿಸುವವರು. ಈ ವರ್ಷ ಒಂದಾದರೂ ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸದಿದ್ದರೆ ಬಡ್ತಿ ಇಲ್ಲ, ಬದಲಿಗೆ ಹುಡುಗರ ಹಾಸ್ಟೆಲಿನ ವಾರ್ಡನ್ ಕೆಲಸ ಎಂದು ವಿಭಾಗದ ಮುಖ್ಯಸ್ಥರು ಹೇಳಿಬಿಟ್ಟಿದ್ದರು. ಆ ಹಾಸ್ಟೆಲಿನ ಹಿಂದಿನ ವಾರ್ಡನ್ ಈಗಲೂ ಯಾರಾದರೂ ಸೀಟಿ ಹೊಡೆದರೆ ಮೇಜಿನ ಕೆಳಗೆ ನುಗ್ಗುತ್ತಾರೆ.

ಅದಕ್ಕೇ ಮೇಷ್ಟ್ರು ಸಾಹಿತ್ಯ ಮತ್ತು ಸಿನಿಮಾ ಕುರಿತ ಸಂಕಿರಣವೊಂದಕ್ಕೆ ‘ಕಾದಂಬರಿಯ ಮುಕ್ತಾಯ, ಚಲನಚಿತ್ರದ ಮುಕ್ತಾಯ: ಒಂದು ತೌಲನಿಕ ಅಧ್ಯಯನ’ ಎಂಬ ಶೀರ್ಷಿಕೆ ಕಳಿಸಿ ನಿಶ್ಚಿಂತರಾಗಿದ್ದರು. ಕಾದಂಬರಿ ಒಬ್ಬ ಅಂಬಿಗನದು. ಅವನ ಹೆಂಡತಿ ಮುನಿಸಿಕೊಂಡು ಹೊಳೆ ದಾಟಿ ಹೋಗಿರುತ್ತಾಳೆ. ವರ್ಷಗಳಾದ ಮೇಲೆ ಆಚೆ ದಡಕ್ಕೆ ಬಂದು ನಿಂತು ಕೂಗುತ್ತಾಳೆ. ಕಾದಂಬರಿಯಲ್ಲಿ ಅಂಬಿಗ ದೋಣಿಯ ಹಗ್ಗ ಬಿಚ್ಚುವುದೇ ಇಲ್ಲ. ಅದೇ ಕತೆಯ ಹಳೆಯ ಕಪ್ಪು-ಬಿಳುಪು ಸಿನಿಮಾದಲ್ಲಿ ಏನಾಗುತ್ತದೆ ಎಂಬುದು ನಿದ್ದೆಯ ಪಾಲಾಗಿತ್ತು.

ಆ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ಸಂಕಿರಣದ ಸಂಚಾಲಕರಿಂದ ಮಿಂಚಂಚೆ ಬಂತು. “ತಮ್ಮ ಶೀರ್ಷಿಕೆ ಕಂಡು ಸಮಿತಿಯವರೆಲ್ಲ ರೋಮಾಂಚನಗೊಂಡಿದ್ದೇವೆ. ಇಂದು ಸಂಜೆ ಐದರೊಳಗೆ ಸಾರಾಂಶ ಕಳಿಸಿ. ಚಿತ್ರದ ಕೊನೆಯ ದೃಶ್ಯವನ್ನು ದಯವಿಟ್ಟು ವಿವರವಾಗಿ ಬರೆಯಿರಿ.”

ಚಹಾ ಮೇಷ್ಟ್ರ ಗಂಟಲಿಗೆ ಇಳಿಯುವ ಬದಲು ಮೂಗಿಗೆ ಹತ್ತಿತು.

“ಲೇ, ಆ ಅಂಬಿಗನ ಸಿನಿಮಾ ಕೊನೇಲಿ ಏನಾಗುತ್ತೆ?”

ಹೆಂಡತಿ ಶಾಲೆಯಲ್ಲಿ ಲೆಕ್ಕದ ಟೀಚರು. ಚೀಲಕ್ಕೆ ಉತ್ತರಪತ್ರಿಕೆ ತುರುಕುತ್ತ, “ಮುಗಿಯುತ್ತೆ” ಅಂದಳು.

“ತಮಾಷೆ ಬೇಡ ಕಣೇ. ನಾನು ಆವತ್ತು ಸ್ವಲ್ಪ ಕಣ್ಣು ಮುಚ್ಚಿದ್ದೆ.”

“ಸ್ವಲ್ಪನಾ? ಮುಂದಿನ ಸಾಲಿನವರು ತಿರುಗಿ ನೋಡಿ, ಈ ಸಿನಿಮಾಕ್ಕೆ ಹುಲಿ ಯಾವಾಗ ಬಂತು ಅಂತ ಕೇಳಿದ್ರು. ನೋಡಿಲ್ಲ ಅಂತ ಬರೆದುಬಿಡಿ. ಒಂದೇ ಸಾಲಲ್ಲಿ ಲೆಕ್ಕ ಚುಕ್ತ.” ಅಷ್ಟು ಹೇಳಿ ಅವಳು ಹೊರಟೇಬಿಟ್ಟಳು.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಅದೇ ಹೆಸರಿನ ಸಾಬೂನಿನ ಜಾಹೀರಾತು ಬಂತು. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತಾಗ, ಒಳಗಿನ ಕೋಣೆಯಿಂದ ಅವರ ಅತ್ತೆ, ಅಂದರೆ ಹೆಂಡತಿಯ ತಾಯಿ, ಹೊರಗೆ ಬಂದರು.

“ಆ ಸಿನಿಮಾನಾ ಅಳಿಯಂದ್ರೇ? ನಾನು ನೋಡಿದೀನಲ್ಲ. ಅಂಬಿಗನ ತಾಯಿ ದಡಕ್ಕೆ ಬಂದು, ‘ಬಾಮ್ಮಾ’ ಅಂತಾಳೆ. ಸೊಸೆ ಈಜಿಕೊಂಡು ಬಂದು ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಅಳ್ತಾಳೆ. ತಪ್ಪೆಲ್ಲ ನನ್ನದೇ ಅಂತ ಒಪ್ಕೋತಾಳೆ.”

“ಅಂಬಿಗನ ತಾಯಿ ಮೊದಲನೇ ಪುಟದಲ್ಲೇ ಸತ್ತಿದ್ದಾಳಲ್ಲ ಅತ್ತೆ?”

“ಅದು ಪುಸ್ತಕದಲ್ಲಿ. ಸಿನಿಮಾದಲ್ಲಿ ಗಟ್ಟಿಮುಟ್ಟಾಗಿದ್ದರು.” ಅತ್ತೆ ದನಿ ಏರಿಸಿದರು. “ಅಳಿಯನೂ ಒಬ್ಬನಿದ್ದ ಅಂತ ನೆನಪು. ಅವನು ಕೂಡ ಕ್ಷಮೆ ಕೇಳ್ತಾನೆ.”

ಮೇಷ್ಟ್ರಿಗೆ ಅನುಮಾನ ಬಂತು. ಇನ್ನೊಂದು ಸಾಕ್ಷಿ ಸಿಕ್ಕರೆ ಒಳ್ಳೆಯದೆಂದು ಕೆಳಗಿನ ಅಂಗಡಿಯ ಟೈಲರಣ್ಣನ ಹತ್ತಿರ ಇಳಿದು ಹೋದರು. ಹಿಂದೆಯೇ ಅತ್ತೆಯೂ ಇಳಿದರು, ಸಾಕ್ಷಿಗೆ ಸಾಕ್ಷಿಯಾಗಿ.

ಟೈಲರಣ್ಣ ಹೊಲಿಗೆ ಯಂತ್ರ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದ. “ಏನ್ ಸಾರ್ ನೀವು, ಅದನ್ನ ಮರೆಯೋಕಾಗುತ್ತಾ? ಹೆಂಡತಿ ಆಚೆ ದಡದಿಂದ ಒಂದು ಕೋಟು ನೀರಿಗೆ ಬಿಡ್ತಾಳೆ. ಅವಳೇ ಹೊಲಿದ ಕೋಟು. ಅದು ತೇಲಿಕೊಂಡು ಬರುತ್ತೆ. ಅಂಬಿಗ ಹಾಕ್ಕೋತಾನೆ. ಸರಿಯಾಗಿ ಕೂತ್ಕೊಳ್ಳುತ್ತೆ. ಅಳತೇನೇ ತಗೊಳ್ದೆ ಹೊಲಿದಿದ್ದು ಸಾರ್! ಯಾರಿಗೆ ತಾನೇ ಅಳು ಬರಲ್ಲ?”

“ಕೋಟೂ ಇಲ್ಲ, ಗೀಟೂ ಇಲ್ಲ” ಎಂಬ ಗುಡುಗು ಅಂಗಡಿಯ ಬಾಗಿಲಲ್ಲಿ ಕೇಳಿತು. ಮೇಲ್ಮಹಡಿಯ ನಿವೃತ್ತ ಇನ್ಸ್‌ಪೆಕ್ಟರು. ಪ್ಯಾಂಟಿನ ಸೊಂಟ ಬಿಡಿಸಲು ಬಂದಿದ್ದರು. “ಕೊನೇಲಿ ಪೊಲೀಸ್ ಬರ್ತಾರೆ. ಅಂಬಿಗನ ದೋಣಿಗೆ ಲೈಸೆನ್ಸ್ ಇರಲಿಲ್ಲ. ಅರೆಸ್ಟ್!”

“ಹೊಳೆ ಮಧ್ಯದಲ್ಲಿ ಪೊಲೀಸ್ ಹೇಗೆ ಬಂದ್ರು?” ಎಂದರು ಅತ್ತೆ.

“ಪೊಲೀಸ್ ಹೇಗೆ ಬರ್ತಾರೆ ಅಂತ ಸಾರ್ವಜನಿಕರಿಗೆ ಹೇಳೋ ಹಾಗಿಲ್ಲ.”

ಮೂವರ ವಾದ ಬಿಸಿಯೇರಿತು. ಕಣ್ಣಾರೆ ತೋರಿಸುತ್ತೇನೆಂದು ಟೈಲರಣ್ಣ ಮೇಷ್ಟ್ರನ್ನು ಇಸ್ತ್ರಿ ಮೇಜಿನ ಮೇಲೆ ಹತ್ತಿಸಿದ. ಅದು ದೋಣಿ. ಅರ್ಧ ಹೊಲಿದಿದ್ದ ಮದುಮಗನ ಕೋಟೊಂದನ್ನು ನೀರಲ್ಲಿ ತೇಲಿಸುವಂತೆ ತಂದು ತೊಡಿಸಿದ. ಕೋಟಿನ ತುಂಬ ಗುಂಡುಪಿನ್ನುಗಳಿದ್ದವು. ಅಂಬಿಗ ಅಳುವ ಜಾಗದಲ್ಲಿ ಮೇಷ್ಟ್ರು ನಿಜವಾಗಿಯೇ ಕೂಗಿಕೊಂಡರು.

“ನೋಡಿದ್ರಾ! ಹೀಗೇ ಅತ್ತಿದ್ದು!” ಎಂದ ಟೈಲರಣ್ಣ.

“ಅಳಲಿ, ಆದರೂ ಅರೆಸ್ಟ್!” ಇನ್ಸ್‌ಪೆಕ್ಟರು ಮೇಷ್ಟ್ರ ತೋಳು ಹಿಡಿದು ಎಳೆದರು. ಸೊಸೆ ಈಜಿ ಬರುವ ರೀತಿ ತೋರಿಸುತ್ತಿದ್ದ ಅತ್ತೆಯ ಕೈ ಇನ್ನೊಂದು ತೋಳಿಗೆ ಸಿಕ್ಕಿಕೊಂಡಿತು. ಪರ್ರೆಂದು ಸದ್ದಾಯಿತು. ಕೋಟಿನ ಒಂದು ತೋಳು ಇನ್ಸ್‌ಪೆಕ್ಟರ ಕೈಯಲ್ಲಿ ಉಳಿಯಿತು. ಮೇಷ್ಟ್ರು ದೋಣಿಯಿಂದ ಬಿದ್ದು, ಬಟ್ಟೆಯ ಚೂರುಗಳ ರಾಶಿಯಲ್ಲಿ ಮುಳುಗಿದರು.

ಮದುಮಗ ಬರುವುದರೊಳಗೆ ಕೋಟು ಸರಿಯಾಗಬೇಕೆಂದು ಟೈಲರಣ್ಣ ಹೌಹಾರಿ, ಬಿಚ್ಚಿ ಕೊಡಿ ಎಂದು ಗೋಗರೆದ. ಆದರೆ ಪಿನ್ನುಗಳು ಕೋಟನ್ನೂ ಅಂಗಿಯನ್ನೂ ಮೇಷ್ಟ್ರನ್ನೂ ಒಂದೇ ಸಂಸಾರ ಮಾಡಿಬಿಟ್ಟಿದ್ದವು. ಅಷ್ಟರಲ್ಲಿ ಕಾಲೇಜಿನ ಹೊತ್ತು ಮೀರುತ್ತಿತ್ತು. ಮೇಷ್ಟ್ರು ಒಂಟಿ ತೋಳಿನ ಕೋಟಿನಲ್ಲೇ ಓಡಿದರು.

ಕಾಲೇಜಿನ ಗೇಟಿನ ಕಾವಲುಗಾರ ಮೊದಲು ಸಿನಿಮಾ ಥಿಯೇಟರಿನಲ್ಲಿ ಟಿಕೆಟ್ ಹರಿಯುತ್ತಿದ್ದವನು. ಮೇಷ್ಟ್ರಿಗೆ ದೇವರೇ ಸಿಕ್ಕಂತಾಯಿತು.

“ಅಂಬಿಗನ ಸಿನಿಮಾ ನಿಮ್ಮ ಥಿಯೇಟರಿಗೆ ಬಂದಿತ್ತಾ?”

“ಬಂದಿತ್ತು ಸಾರ್. ದಿನಾ ನೋಡ್ತಿದ್ದೆ.”

“ಹಾಗಾದ್ರೆ ಕೊನೆಗೇನಾಯ್ತು?”

ಕಾವಲುಗಾರ ಕೆನ್ನೆ ಕೆರೆದುಕೊಂಡ. “ಕೊನೆ ಹೊತ್ತಿಗೆ ಪರದೆಗೆ ಬೆನ್ನು ಹಾಕಿ ಬಾಗಿಲು ತೆಗೆಯೋದು ನನ್ನ ಡ್ಯೂಟಿ ಸಾರ್. ನಾನು ಕಂಡ ಹಾಗೆ ಎಲ್ಲ ಸಿನಿಮಾನೂ ಒಂದೇ ಥರ ಮುಗಿಯುತ್ತೆ. ಜನ ಕತ್ತಲಲ್ಲಿ ಚಪ್ಪಲಿ ಹುಡುಕ್ತಾರೆ.”

ವಿಭಾಗದ ಮುಖ್ಯಸ್ಥರು ಕುರ್ಚಿಯಲ್ಲಿ ಅರೆಗಣ್ಣು ಮುಚ್ಚಿ ಕೂತಿದ್ದರು. ಒಂಟಿ ತೋಳನ್ನು ಕಂಡು ಒಂದು ಹುಬ್ಬು ಮಾತ್ರ ಮೇಲೆತ್ತಿದರು. “ಹೊಸ ಫ್ಯಾಷನ್ನೇ?”

ಮೇಷ್ಟ್ರು ಸಂಕಟ ತೋಡಿಕೊಂಡರು. “ಸಾರ್, ತಾವು ಆ ಚಿತ್ರ ನೋಡಿದ್ದೀರಾ?”

“ನೋಡೋದೇನ್ರೀ, ಅರೆದು ಕುಡಿದಿದ್ದೀನಿ.”

“ಕೊನೆಗೇನಾಗುತ್ತೆ ಸಾರ್?”

ಮುಖ್ಯಸ್ಥರು ಚಾವಣಿಯ ಫ್ಯಾನಿನ ಕಡೆ ನೋಡಿದರು. “ಕೊನೆ ಅನ್ನೋದೇ ಒಂದು ಪರಿಕಲ್ಪನೆ. ಕೊನೆಯಾಯಿತು ಅಂತ ಯಾರು ಹೇಳಬೇಕು? ಪ್ರೇಕ್ಷಕನಾ, ಪಠ್ಯವಾ?”

“ಸಂಚಾಲಕರು ಹೇಳಿ ಅಂತಿದ್ದಾರೆ ಸಾರ್. ಐದರೊಳಗೆ.”

“ಹಾಗಾದ್ರೆ ಎಲ್ಲರೂ ಹೇಳಿದ್ದನ್ನ ಸೇರಿಸಿ ಬರೀರಿ. ಬಹುದೃಷ್ಟಿಕೋನ ಅಂತಾರೆ ಇದಕ್ಕೆ.” ಆಮೇಲೆ ಮುಖ್ಯಸ್ಥರ ಕಣ್ಣು ಪೂರ್ತಿ ತೆರೆಯಿತು. “ನನ್ನ ಹೆಸರು ಮೊದಲು ಹಾಕಿ. ಮಾರ್ಗದರ್ಶನ ಮಾಡಿದ್ದು ನಾನಲ್ವೇ?”

ಕಾಲೇಜಿನಲ್ಲಿ ಕರೆಂಟು ಹೋಗಿತ್ತು. ಹೆಸರು ಮೊದಲು ಬೀಳುವುದನ್ನು ಕಣ್ಣಾರೆ ಕಂಡೇ ತೀರಬೇಕೆಂದು ಮುಖ್ಯಸ್ಥರು ಮೇಷ್ಟ್ರನ್ನು ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅವರ ಮನೆಗೇ ಬಂದರು. ದಾರಿಯುದ್ದಕ್ಕೂ ಗಾಳಿಗೆ ಮೇಷ್ಟ್ರ ಉಳಿದೊಂದು ತೋಳು ಪಟಪಟನೆ ಹೊಡೆದುಕೊಂಡು, ಸ್ಕೂಟರು ಎಡಕ್ಕೆ ತಿರುಗುತ್ತಿದೆಯೆಂದು ಹಿಂದಿನ ವಾಹನದವರಿಗೆಲ್ಲ ಸುಳ್ಳು ಸನ್ನೆ ಕೊಡುತ್ತಿತ್ತು.

ಮನೆಯಲ್ಲಿ ಅತ್ತೆ ಕಾದಿದ್ದರು. ಕೋಟು ವಸೂಲಿಗೆ ಟೈಲರಣ್ಣ ಸೂಜಿದಾರ ಹಿಡಿದು ಕೂತಿದ್ದ. ಸತ್ಯ ತಪ್ಪಿಹೋಗದಂತೆ ಕಾಯಲು ಇನ್ಸ್‌ಪೆಕ್ಟರು ಬಂದಿದ್ದರು. ಮೇಷ್ಟ್ರು ಊಟದ ಮೇಜಿನ ಮೇಲೆ ಕಂಪ್ಯೂಟರ್ ತೆರೆದರು. ಎಲ್ಲರೂ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಸುತ್ತ ನೆರೆದರು.

“ತಾಯಿ ಮೊದಲು ಬರಲಿ” ಅಂದರು ಅತ್ತೆ.

“ಕಾಲರ್ ಬಗ್ಗೆ ಎರಡು ಮಾತು ಬರೀರಿ ಸಾರ್. ಬಹಳ ಚೆನ್ನಾಗಿತ್ತು” ಎಂದ ಟೈಲರಣ್ಣ, ಕುತ್ತಿಗೆಯ ಹಿಂದಿನ ಪಿನ್ನು ಕೀಳುತ್ತ.

“ಬೇಡಿ ಬಲಗೈಗೆ” ಎಂದರು ಇನ್ಸ್‌ಪೆಕ್ಟರು.

ಮೇಷ್ಟ್ರು ಬರೆದರು. ಕೂಗು ಕೇಳಿ ಅಂಬಿಗ ಬೆಚ್ಚುತ್ತಾನೆ. ಕೋಟು ತೇಲಿ ಬರುತ್ತದೆ. ಅವನು ತೊಡುತ್ತಾನೆ. ಕಾಲರ್ ಬೆಳುದಿಂಗಳಲ್ಲಿ ಹೊಳೆಯುತ್ತದೆ. ತಾಯಿ ಕೈ ಚಾಚುತ್ತಾಳೆ, ಸೊಸೆ ಈಜಿ ಬಂದು ಮಡಿಲು ಸೇರುತ್ತಾಳೆ. ಆ ಕ್ಷಣವೇ ಪೊಲೀಸ್ ದೋಣಿ ಬಂದು, ಹೊಸ ಕೋಟಿನ ಬಲತೋಳಿಗೆ ಬೇಡಿ ಬೀಳುತ್ತದೆ. ಬರೆಯುತ್ತ ಬರೆಯುತ್ತ ಮೇಷ್ಟ್ರೇ ಕೋಟಿನ ತೋಳಿಗೆ ಕಣ್ಣೊರೆಸಿಕೊಂಡರು. ನಿದ್ದೆ ಬಾರದೆ ಇದ್ದಿದ್ದರೆ ಎಂಥ ಚಿತ್ರ ನೋಡಬಹುದಿತ್ತು!

ಮುಖ್ಯಸ್ಥರ ಹೆಸರು ಮೊದಲು, ತಮ್ಮದು ಕೆಳಗೆ, ಸ್ವಲ್ಪ ಚಿಕ್ಕ ಅಕ್ಷರದಲ್ಲಿ ಹಾಕಿ ಕಳಿಸಿದರು. ಆಗ ಐದಕ್ಕೆ ಸ್ವಲ್ಪವೇ ಉಳಿದಿತ್ತು. ಎಲ್ಲರೂ ಯುದ್ಧ ಗೆದ್ದವರಂತೆ ಚಹಾ ಕುಡಿದರು. ಹೆಂಡತಿ ಶಾಲೆಯಿಂದ ಬಂದವಳು ಈ ಜಾತ್ರೆ ನೋಡಿ, ಗಂಡನ ಕೋಟು ನೋಡಿ, ಇನ್ನೊಂದು ಲೋಟ ಚಹಾ ತನಗೇ ಬಗ್ಗಿಸಿಕೊಂಡಳು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸಂಚಾಲಕರು! ಎಲ್ಲರಿಗೂ ಕೇಳಲೆಂದು ಮುಖ್ಯಸ್ಥರೇ ಸ್ಪೀಕರ್ ಒತ್ತಿದರು.

“ಸಾರ್…” ಸಂಚಾಲಕರ ದನಿ ನಡುಗುತ್ತಿತ್ತು. “ಸಾರಾಂಶ ಓದಿದೆವು. ಸಮಿತಿಯಲ್ಲಿ ಇಬ್ಬರು ಅಳ್ತಾ ಇದ್ದಾರೆ.”

“ನನ್ನ ಮಾರ್ಗದರ್ಶನ” ಎಂದು ಮುಖ್ಯಸ್ಥರು ಫೋನಿಗೆ ಬಾಗಿದರು.

“ಇಬ್ಬರಿಗೂ ಋಣಿ ಸಾರ್. ತಮಗೆ ಗೊತ್ತೇ ಇದೆ, ಆ ಚಿತ್ರದ ಕೊನೆಯ ರೀಲು ಬಿಡುಗಡೆಗೆ ಮುಂಚೆಯೇ ಕಳೆದುಹೋಗಿತ್ತು. ಹೆಂಡತಿ ಆಚೆ ದಡದಿಂದ ಕೂಗ್ತಿದ್ದ ಹಾಗೇ ಥಿಯೇಟರಿನಲ್ಲಿ ದೀಪ ಹಾಕಿಬಿಡ್ತಿದ್ರು. ಇವತ್ತಿನವರೆಗೆ ಆ ಕೊನೆಯನ್ನ ಕಂಡವರು ಒಬ್ಬರೂ ಇರಲಿಲ್ಲ.”

ಟೈಲರಣ್ಣ ಸೂಜಿಗೆ ದಾರ ಪೋಣಿಸತೊಡಗಿದ. ದಾರ ಆಗಲೇ ಪೋಣಿಸಿಯೇ ಇತ್ತು. ಇನ್ಸ್‌ಪೆಕ್ಟರಿಗೆ ಗೋಡೆಯ ಗಡಿಯಾರದಲ್ಲಿ ಏನೋ ಅಪರಾಧ ಕಂಡಿತು. ಅತ್ತೆ ಮಾತ್ರ ಕದಲಲಿಲ್ಲ.

“ಯಾರಾದರೂ ಕಟ್ಟಿ ಬರೆದಿರಬಹುದು ಅಂತ ಒಬ್ಬರು ಅನುಮಾನಪಟ್ರು ಸಾರ್. ಇಷ್ಟು ವಿಚಿತ್ರವಾದ ಕೊನೆಯನ್ನ ತಲೆ ನೆಟ್ಟಗಿರೋ ಯಾರೂ ಕಟ್ಟೋಕೆ ಸಾಧ್ಯವಿಲ್ಲ, ಕಣ್ಣಾರೆ ಕಂಡವರೇ ಬರೆಯಬೇಕು ಅಂತ ಉಳಿದವರೆಲ್ಲ ಒಪ್ಪಿದ್ವಿ. ಅಂದರೆ ರೀಲು ತಮ್ಮ ಹತ್ತಿರ ಇದೆ! ಇನ್ನು ಪ್ರಬಂಧ ಯಾಕೆ ಸಾರ್? ನಿಮ್ಮ ಪ್ರಬಂಧ ರದ್ದು ಮಾಡಿ, ಆ ವೇಳೆಯಲ್ಲಿ ರೀಲನ್ನೇ ತೋರಿಸ್ತೀವಿ. ನಾಳೆ ಬೆಳಿಗ್ಗೆ ನಮ್ಮ ವ್ಯಾನು ನಿಮ್ಮ ಮನೆ ಮುಂದೆ ಇರುತ್ತೆ. ಪತ್ರಿಕೆಯವರೂ ಬರ್ತಾರೆ. ರೀಲು ಇದೆ ತಾನೇ ಸಾರ್?”

ಮೇಷ್ಟ್ರು ಬಾಯಿ ತೆರೆದರು. ಜೀವನದಲ್ಲಿ ಮೊದಲ ಸಲ ಅವರಿಗೆ ಒಂದು ಅಡಿಟಿಪ್ಪಣಿಯೂ ಹೊಳೆಯಲಿಲ್ಲ. ಅಷ್ಟರಲ್ಲಿ ಅತ್ತೆ ಮುಂದೆ ಬಂದು ಫೋನಿಗೆ ಬಾಯಿಟ್ಟು, “ಇದೆ ಕಣಪ್ಪಾ, ಭದ್ರವಾಗಿದೆ! ನಾವೇ ನೋಡಿದೀವಲ್ಲ!” ಎಂದು ಹೇಳಿ, ಒತ್ತಬಾರದ ಗುಂಡಿ ಒತ್ತಿ ಫೋನು ಕಡಿದರು.

ಮುಖ್ಯಸ್ಥರು ಮೆಲ್ಲಗೆ ಎದ್ದು ಸ್ಕೂಟರಿನ ಕೀಲಿ ಹುಡುಕಿಕೊಂಡರು. “ಮೇಷ್ಟ್ರೇ, ನನ್ನ ಹೆಸರು ಕೈತಪ್ಪಿ ಮೊದಲು ಬಿದ್ದಿದೆ. ತೆಗೆದುಹಾಕೋಕೆ ಹೇಳಿ. ಪ್ರಬಂಧ ರದ್ದಾಯ್ತಲ್ಲ, ನಾಳೆಯಿಂದ ಹಾಸ್ಟೆಲಿಗೆ ಬನ್ನಿ. ವ್ಯಾನು ಹೋದ ಮೇಲೆ ಬನ್ನಿ” ಎಂದು ಹೊರಟೇಹೋದರು.

ಮೇಷ್ಟ್ರು ಒಂದು ತೋಳಲ್ಲಿ ಮುಖ ಮುಚ್ಚಿಕೊಂಡು ಹೆಂಡತಿಯ ಕಡೆ ತಿರುಗಿದರು. “ಏನು ಮಾಡ್ಲಿ ಕಣೇ? ರೀಲು ಎಲ್ಲಿಂದ ತರಲಿ?”

ಹೆಂಡತಿ ಚಹಾದ ಲೋಟ ಕೆಳಗಿಟ್ಟು, ಅಮ್ಮನನ್ನೂ ಟೈಲರಣ್ಣನನ್ನೂ ಇನ್ಸ್‌ಪೆಕ್ಟರನ್ನೂ ಒಂದು ಸುತ್ತು ನೋಡಿದಳು.

“ತರೋದ್ಯಾಕ್ರೀ? ಬೆಳಿಗ್ಗೆಯಿಂದ ಎಲ್ಲರೂ ಸೇರಿ ಬಿಟ್ಟಿದ್ದೇ ರೀಲಲ್ವಾ? ಈ ಮೂವರನ್ನೇ ವ್ಯಾನು ಹತ್ತಿಸಿ.”