ತಟ್ಟಿ ನೋಡಿ ತಂದ ಗಿಟಾರು

ಇಪ್ಪತ್ತೆರಡು ವರ್ಷಗಳಿಂದ ನಾನು ಊರವರ ಬಾಯಿ ಮುಚ್ಚಿಸಿ ಸಂಬಳ ಪಡೆಯುತ್ತಿದ್ದೇನೆ. ಹೆದರಬೇಡಿ, ಪುತ್ತೂರು ಕಡೆಯ ಸವಣೂರಿನ ಹತ್ತಿರದ ಒಂದು ಪಂಚಾಯಿತಿ ಗ್ರಂಥಾಲಯದಲ್ಲಿ ನಾನು ಮೇಲ್ವಿಚಾರಕಿ. ನನ್ನ ಕೆಲಸದ ಮುಕ್ಕಾಲು ಪಾಲು ತುಟಿಯ ಮೇಲೆ ಬೆರಳಿಟ್ಟು ‘ಶ್’ ಎನ್ನುವುದು. ಪೇಪರಿನ ಪುಟ ಮಗುಚುವ ಸದ್ದು ಜೋರಾದರೂ ನನ್ನ ತಲೆ ತಾನಾಗಿ ಮೇಲೇಳುತ್ತದೆ. ಮನೆಯಲ್ಲೂ ಅದೇ ಅಭ್ಯಾಸ. ಒಮ್ಮೆ ನಮ್ಮ ಕುಕ್ಕರ್ ಸೀಟಿ ಹೊಡೆದಾಗ ಅದಕ್ಕೂ ‘ಶ್’ ಅಂದಿದ್ದೆನಂತೆ. ಇದು ನಮ್ಮವರು, ಅಂದರೆ ನನ್ನ ಗಂಡ, ಕಟ್ಟಿದ ಕತೆಯೋ ನಿಜವೋ ನನಗೆ ನೆನಪಿಲ್ಲ. ಇಂಥ ನನಗೆ ನಲವತ್ತೆಂಟನೆಯ ವಯಸ್ಸಿನಲ್ಲಿ, ಓರಗೆಯವರೆಲ್ಲ ಮಂಡಿನೋವಿನ ಎಣ್ಣೆಯ ಹೆಸರು ಕೇಳುವ ಕಾಲದಲ್ಲಿ, ಗಿಟಾರ್ ಕಲಿಯುವ ಹುಚ್ಚು ಹಿಡಿಯಿತು.

ಹುಚ್ಚಿಗೆ ಬೇರು ಹಳೆಯದು. ಸುಳ್ಯದ ಶಾಲೆಯಲ್ಲಿ ನಾನು ಆರನೆಯ ತರಗತಿಯಲ್ಲಿದ್ದಾಗ ಸುಗುಣ ಟೀಚರ್ ಪ್ರಾರ್ಥನೆಯ ತಂಡಕ್ಕೆ ಮಕ್ಕಳನ್ನು ಆರಿಸುತ್ತಿದ್ದರು. ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಬಾಯಿಯ ಹತ್ತಿರ ಕಿವಿಯಿಟ್ಟು ಬಂದವರು ನನ್ನ ಮುಂದೆ ನಿಂತರು. ಎರಡು ಸಾಲು ಕೇಳಿದರು. ಆಮೇಲೆ ಬಹಳ ಮೃದುವಾಗಿ, “ನೀನು ಬಾಯಿ ಮಾತ್ರ ಆಡಿಸು, ಸ್ವರ ತೆಗಿಬೇಡ” ಅಂದರು. ನಾನು ವಿಧೇಯ ಹುಡುಗಿ. ಟೀಚರ್ ಹೇಳಿದ್ದು ಆ ವರ್ಷದ ಮಟ್ಟಿಗೆ ಇರಬಹುದು, ನಾನು ಮೂವತ್ತಾರು ವರ್ಷ ಪಾಲಿಸಿದೆ. ಮದುವೆಯ ಶೋಭಾನೆಯಲ್ಲಿ, ಭಜನೆಯಲ್ಲಿ, ಪಂಚಾಯಿತಿಯ ಧ್ವಜವಂದನೆಯಲ್ಲಿ ಎಲ್ಲ ಕಡೆ ನನ್ನ ಬಾಯಿ ಆಡಿದೆ, ಸ್ವರ ಬಂದಿಲ್ಲ. ವಿಧಿಯ ಕುಚೋದ್ಯ ನೋಡಿ, ನಿವೃತ್ತರಾದ ಮೇಲೆ ಮಗಳ ಮನೆಗೆ ಬಂದ ಅದೇ ಸುಗುಣ ಟೀಚರ್ ಈಗ ದಿನಾ ಹತ್ತೂವರೆಗೆ ನನ್ನ ಗ್ರಂಥಾಲಯಕ್ಕೆ ಪೇಪರ್ ಓದಲು ಬರುತ್ತಾರೆ. ನನ್ನ ಗುರುತು ಅವರಿಗಿಲ್ಲ. ಮೊದಲ ಪೇಪರನ್ನು ಮಡಿಕೆ ಮುರಿಯದೆ ಅವರಿಗೇ ಕೊಡುತ್ತೇನೆ. ಹೊಟ್ಟೆಯೊಳಗೆ ಮಾತ್ರ ಆ ಒಂದು ವಾಕ್ಯ ಅರಗದೆ ಕೂತಿತ್ತು.

ಹೀಗಿರುವಾಗ ಏಪ್ರಿಲ್‌ನಲ್ಲಿ ನಮ್ಮ ಗ್ರಂಥಾಲಯದ ಹೊಸ ಕೋಣೆಯ ಉದ್ಘಾಟನೆಯ ಮಾತು ಬಂತು. ಕಾರ್ಯಕ್ರಮ ಆಗಸ್ಟ್ ಕೊನೆಗೆ. ಸಭೆಯಲ್ಲಿ ಪಂಚಾಯಿತಿ ಅಧ್ಯಕ್ಷೆ, ಪ್ರಾರ್ಥನೆ ಯಾರು ಮಾಡುವುದು ಎಂದು ಕೇಳಿದರು. ಎಲ್ಲರೂ ಟೇಬಲ್ಲಿನ ಬಿಸ್ಕತ್ತನ್ನು ನೋಡಿದರು. ಹಿಂದಿನ ದಿನವಷ್ಟೇ, ನಮ್ಮ ಮನೆ ಪಕ್ಕದ ರಬ್ಬರ್ ತೋಟದ ಟ್ಯಾಪಿಂಗಿನ ಜೋಸಣ್ಣ ತಮ್ಮ ಕೋಣೆಯ ಜಗಲಿಯಲ್ಲಿ ಕೂತು ಗಿಟಾರ್ ಬಾರಿಸುವುದನ್ನು ನಾನು ಬೇಲಿಯಾಚೆಯಿಂದ ಕೇಳಿದ್ದೆ. ಜೋಸಣ್ಣ ನೆಲ್ಯಾಡಿ ಕಡೆಯವರು. ವಾರವಿಡೀ ರಬ್ಬರ್ ಮರದ ತೊಗಟೆ ಕೊಯ್ದು ಹಾಲು ಇಳಿಸಿ, ಭಾನುವಾರ ಊರಿಗೆ ಹೋಗಿ ಚರ್ಚಿನ ಗಾಯನ ತಂಡದಲ್ಲಿ ಗಿಟಾರ್ ಹಿಡಿಯುತ್ತಾರೆ. ಆ ನಾದ ತಲೆಯಲ್ಲಿತ್ತೋ ಏನೋ, “ನಾನು ಮಾಡ್ತೇನೆ, ಗಿಟಾರ್ ಬಾರಿಸಿಕೊಂಡು ಹಾಡ್ತೇನೆ” ಅಂದುಬಿಟ್ಟೆ. ಹೇಳಿದ್ದು ನಾನೇ ಎಂದು ಗೊತ್ತಾಗುವಷ್ಟರಲ್ಲಿ ಅಧ್ಯಕ್ಷೆ ಬರೆದುಕೊಂಡಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಹತ್ತಿರ ಗಿಟಾರೂ ಇರಲಿಲ್ಲ, ಸ್ವರವೂ ಇರಲಿಲ್ಲ. ಮುಂದಿನ ಸಾಲಿನ ಕುರ್ಚಿಯಲ್ಲಿ ಸುಗುಣ ಟೀಚರ್ ಕೂರುವುದು ಮಾತ್ರ ಖಾತ್ರಿಯಿತ್ತು.

ಗಿಟಾರಿನಲ್ಲಿ ಎರಡು ಜಾತಿ ಉಂಟೆಂದು ತಿಳಿದದ್ದು ಆಮೇಲೆ. ಒಂದು ಅಕೌಸ್ಟಿಕ್, ಅಂದರೆ ಟೊಳ್ಳು ಹೊಟ್ಟೆಯದ್ದು. ತಂತಿ ಮೀಟಿದರೆ ಹೊಟ್ಟೆಯಿಂದಲೇ ಸದ್ದು ಬರುತ್ತದೆ. ಇನ್ನೊಂದು ಎಲೆಕ್ಟ್ರಿಕ್; ಗಟ್ಟಿ ಮರದ್ದು, ಅದರ ಬಾಲಕ್ಕೆ ವಯರು, ವಯರಿನ ತುದಿಗೆ ಸ್ಪೀಕರಿನ ಡಬ್ಬ. ನಮ್ಮವರು ಸವಣೂರಿನಲ್ಲಿ ಪಂಪು ರಿಪೇರಿಯ ಅಂಗಡಿ ಇಟ್ಟವರು, ಮೋಟರ್ ವೈಂಡಿಂಗಿನಲ್ಲಿ ಪಳಗಿದ ಕೈ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಅಯಸ್ಕಾಂತದ ಸುತ್ತ ತಾಮ್ರದ ಕೂದಲೆಳೆಯಷ್ಟು ಸಪುರ ತಂತಿ ಸುತ್ತಿರುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದೇ ತಡ, ಅವರು ಅದರ ಪಕ್ಷ ಸೇರಿದರು. “ಇದು ನಮ್ಮ ಪಂಪಿನ ಜಾತಿಯೇ ಮಾರಾಯ್ತಿ. ಸುಟ್ಟು ಹೋದ್ರೆ ನಾನೇ ಕಟ್ಟಿ ಕೊಡ್ತೇನೆ, ಎಂತ ಹೆದರಿಕೆ?” ಎಂದರು. ಇನ್ನೂ ಕೊಳ್ಳದ ಗಿಟಾರು ಆಗಲೇ ಸುಟ್ಟು, ರಿಪೇರಿಯೂ ಆಗಿತ್ತು. ಗ್ರಂಥಾಲಯದ ಓದುಗರು ಎದುರು ಪಕ್ಷ. ಕಡಬದ ಮೇಲೆ ಒಂದು ಮೋಡ ಕಂಡರೆ ಇಲ್ಲಿ ಕರೆಂಟು ಹೋಗುವ ಊರು ನಮ್ಮದು, ಆಗಸ್ಟಿನಲ್ಲಿ ಕರೆಂಟು ನಂಬಿ ಪ್ರಾರ್ಥನೆ ಮಾಡುವುದಾದರೆ ಮೊದಲು ಕರೆಂಟಿಗೇ ಪ್ರಾರ್ಥನೆ ಮಾಡಬೇಕೆಂದು ಅವರ ವಾದ.

ನನ್ನ ಒಲವು ಎಲೆಕ್ಟ್ರಿಕ್‌ನತ್ತ ಇತ್ತು. ಕಾರಣವನ್ನು ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ. ವಯರು ಸಿಕ್ಕಿಸದೆ ಬಾರಿಸಿದರೆ ಎಲೆಕ್ಟ್ರಿಕ್ ಗಿಟಾರು ಸದ್ದೇ ಮಾಡುವುದಿಲ್ಲ. ಬಾರಿಸುವವರ ಕಿವಿಗೆ ಸೊಳ್ಳೆಯಷ್ಟು ಗುಂಯ್ ಎನ್ನುತ್ತದೆ, ಪಕ್ಕದ ಕೋಣೆಗೆ ಅದೂ ಇಲ್ಲ. ನಾಲ್ಕು ತಿಂಗಳು ಯಾರಿಗೂ ಕೇಳಿಸದೆ ತಪ್ಪು ಮಾಡಬಹುದಲ್ಲ ಎಂದು ನನಗೆ ಸ್ವರ್ಗ ಸಿಕ್ಕಷ್ಟು ಖುಷಿಯಾಗಿತ್ತು.

ಪುತ್ತೂರಿನ ಅಂಗಡಿಗೆ ನಾವು ಮೂವರು ಹೋದೆವು. ಅತ್ತೆಯ ಕಣ್ಣು ತೋರಿಸಲಿಕ್ಕೂ ಇತ್ತು, ಹಾಗಾಗಿ ಅವರೂ ಬಂದರು. ಅಂಗಡಿಯ ಅಶ್ರಫ್ ಒಳ್ಳೆಯ ಮನುಷ್ಯ. ಎಲೆಕ್ಟ್ರಿಕ್‌ನ ತಂತಿ ಸಪುರ, ಹೊಸಬರ ಬೆರಳಿಗೆ ನೋವು ಕಡಿಮೆ; ಅಕೌಸ್ಟಿಕ್‌ನಲ್ಲಿ ಬೆರಳು ಸುಲಿಯುತ್ತದೆ, ಆದರೆ ಬೇರೇನೂ ಬೇಡ, ಎತ್ತಿಕೊಂಡು ಬಾರಿಸಿದರಾಯಿತು ಎಂದು ಎರಡನ್ನೂ ಬಿಡಿಸಿ ಹೇಳಿದರು. ಇನ್ನೇನು ಎಲೆಕ್ಟ್ರಿಕ್‌ನ ಕಡೆ ಕೈ ಚಾಚಬೇಕು, ಒಂದು ಮಾತು ಕೇಳಿಬಿಡೋಣ ಎಂದು ಜೋಸಣ್ಣನಿಗೆ ಫೋನ್ ಮಾಡಿದೆ. ಅಂಗಡಿಯ ಗದ್ದಲದಲ್ಲಿ ಕೇಳಿಸದೆ ಸ್ಪೀಕರಿಗೆ ಹಾಕಿದೆ. ಯಾರಿಗೂ ಕೇಳುವುದಿಲ್ಲ, ಅದೇ ಅದರ ಲಾಭ ಎಂದು ಮೆಲ್ಲನೆ ವಿವರಿಸಿದೆ. ಆ ಕಡೆಯಿಂದ ಜೋಸಣ್ಣನ ಸ್ವರ ಅಂಗಡಿ ತುಂಬಾ ಕೇಳಿಸಿತು: “ಯಾರಿಗೂ ಕೇಳಬಾರ್ದು ಅಂತ ಆದ್ರೆ ಅಕ್ಕ, ನೀವು ಗಿಟಾರ್ ತೆಗೆಯುದು ಯಾಕೆ?”

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಾನು ಕೊಳ್ಳಲು ಬಂದದ್ದು ಬಾಯಿ ಮಾತ್ರ ಆಡಿಸುವ ಗಿಟಾರನ್ನು! ಅಷ್ಟರಲ್ಲಿ ಅತ್ತೆ, ಅಲ್ಲಿಯವರೆಗೆ ಸ್ಟೂಲಿನಲ್ಲಿ ಕೂತಿದ್ದವರು, ಎದ್ದು ಬಂದು ಎರಡೂ ಗಿಟಾರುಗಳನ್ನು ಹಲಸಿನ ಹಣ್ಣು ನೋಡುವ ಹಾಗೆ ಬೆರಳ ಗಂಟಿನಿಂದ ತಟ್ಟಿದರು. ಎಲೆಕ್ಟ್ರಿಕ್‌ಗೆ ತಟ್ಟಿ, ಇದು ಕಾಯಿ ಎಂದರು. ಅಕೌಸ್ಟಿಕ್‌ನ ಹೊಟ್ಟೆಗೆ ತಟ್ಟಿದಾಗ ಗುಮ್ಮೆಂದಿತು. ಇದು ಬಲಿತು ಹಣ್ಣಾಗಿದೆ, ಇದನ್ನೇ ಕಟ್ಟಿಸು ಎಂದು ಅರೆಭಾಷೆಯಲ್ಲಿ ತೀರ್ಪು ಕೊಟ್ಟರು. ಐವತ್ತು ವರ್ಷ ಹಲಸು ತಟ್ಟಿ ಒಮ್ಮೆಯೂ ತಪ್ಪದ ಕೈ ಅದು. ನಾನು ಹಣ್ಣನ್ನೇ ತಂದೆ. ಬಸ್ಸಿನಲ್ಲಿ ನಮ್ಮವರು ಮುಖ ಊದಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು.

ಕಲಿಕೆಯ ಕತೆಯನ್ನು ಚಿಕ್ಕದಾಗಿ ಹೇಳುತ್ತೇನೆ, ನೋವು ನನಗೊಬ್ಬಳಿಗೇ ಸಾಕು. ಎಡಗೈಯ ನಾಲ್ಕು ಬೆರಳ ತುದಿಯೂ ಹುಣ್ಣಾಯಿತು. ಸಾರಿಗೆ ಹುಣಸೆ ಕಿವುಚಿದರೆ ಕಣ್ಣಲ್ಲಿ ನೀರು. ನನ್ನ ಒಂದೊಂದು ತಪ್ಪೂ ಅಂಗಳ ದಾಟಿ, ಬೇಲಿ ದಾಟಿ, ಬಸ್ ಸ್ಟಾಂಡಿನವರೆಗೆ ಹೋಯಿತು. ಗ್ರಂಥಾಲಯಕ್ಕೆ ಬಂದವರು ಪುಸ್ತಕ ಕೇಳುವ ಮೊದಲು, ನಿನ್ನೆ ಎರಡನೇ ಸಾಲಿನಲ್ಲಿ ತಡವರಿಸಿದಿರಲ್ಲ ಎಂದು ವಿಚಾರಿಸುತ್ತಿದ್ದರು. ನಾನು ತಂತಿಯನ್ನು ಕತ್ತು ಹಿಸುಕಿದಂತೆ ಒತ್ತುತ್ತಿದ್ದೆ. ಜೋಸಣ್ಣ ಒಂದು ದಿನ ಟ್ಯಾಪಿಂಗ್ ಕತ್ತಿ ತಂದು, ನನ್ನನ್ನು ರಬ್ಬರ್ ಮರದ ಹತ್ತಿರ ನಿಲ್ಲಿಸಿ ತೋರಿಸಿದರು. ಮೇಲೆ ಮೇಲೆ ಕೊಯ್ದರೆ ಹಾಲು ಬಾರದು, ಆಳಕ್ಕೆ ಹೋದರೆ ಮರಕ್ಕೆ ಗಾಯ. ಮರ ಬೇಸರಿಸದ ಹಾಗೆ ಹಾಲು ಬರಬೇಕು, ಅಷ್ಟೇ ಒತ್ತಬೇಕು. ಆ ದಿನ ನನ್ನ ಕೈಗೆ ವಿದ್ಯೆ ಇಳಿಯಿತು. ಜುಲೈ ಹೊತ್ತಿಗೆ ಮೂರು ಹಿಡಿತಗಳು, ಅಂದರೆ ಕಾರ್ಡುಗಳು, ಬಂದವು, ಪ್ರಾರ್ಥನೆಗೆ ಮೂರೇ ಸಾಕು. ಸ್ವರವೂ, ಇಷ್ಟು ವರ್ಷ ಎಲ್ಲಿ ಅಡಗಿತ್ತೋ, ಮೊದಲು ಕೆಮ್ಮಿನಂತೆ, ಆಮೇಲೆ ಹಾಡಿನಂತೆ ಹೊರಗೆ ಬಂತು.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಮಳೆಗಾಲದಲ್ಲಿ ಚಪ್ಪಲಿಗೆ ಬೂಸರು, ಬೆಲ್ಟಿಗೆ ಬೂಸರು, ಕನ್ನಡಕದ ಪೆಟ್ಟಿಗೆಗೆ ಬೂಸರು. ಒಂದು ಬೆಳಿಗ್ಗೆ ಗಿಟಾರಿನ ಬೆನ್ನ ಮೇಲೆ ಬೆಳ್ಳಗೆ ಬೂಸರು ಕಂಡಿತು. ಇಂಥದಕ್ಕೆ ನಮ್ಮ ಕಡೆ ಮದ್ದು ಒಂದೇ: ಬಚ್ಚಲಿನ ಹಂಡೆಯ ಒಲೆಯ ಮೇಲಿನ ಅಟ್ಟ. ಪುನರ್ಪುಳಿ ಸಿಪ್ಪೆಯಿಂದ ಹಿಡಿದು ಒದ್ದೆ ಸೀರೆಯವರೆಗೆ ನಾವು ಕಾಪಾಡಬೇಕಾದದ್ದೆಲ್ಲ ಅಲ್ಲಿಗೇ ಹೋಗುತ್ತದೆ. ನಾನೇ ನನ್ನ ಕೈಯಾರೆ ಗಿಟಾರನ್ನು ಸೌತೆಬೀಜದ ಕಟ್ಟಿನ ಪಕ್ಕ ಮಲಗಿಸಿದೆ. ಮೂರು ದಿನ ಬೆಚ್ಚಗೆ ಹೊಗೆ ಕುಡಿಯಿತು. ನಾಲ್ಕನೆಯ ದಿನ ನಮ್ಮವರು ಸ್ನಾನಕ್ಕೆ ಹೋದಾಗ ತಲೆಯ ಮೇಲೆ ಕೋವಿ ಸಿಡಿದ ಸದ್ದು. ಅವರು ಟವೆಲಿನಲ್ಲೇ ಅಂಗಳಕ್ಕೆ ಓಡಿ ಬಂದರು. ತಂತಿಗಳನ್ನೆಲ್ಲ ಹಿಡಿದುಕೊಳ್ಳುವ ಮರದ ಪಟ್ಟಿ, ಅಂಟು ಕರಗಿ, ಕಿತ್ತು ಬಂದಿತ್ತು. ಕಾರ್ಯಕ್ರಮಕ್ಕೆ ಹನ್ನೆರಡು ದಿನ ಉಳಿದಿತ್ತು, ಆಮಂತ್ರಣ ಪತ್ರಿಕೆ ಮನೆಮನೆಗೆ ಹಂಚಿಯಾಗಿತ್ತು. ನಾನು ಬಚ್ಚಲ ಕಟ್ಟೆಯ ಮೇಲೆ ಕೂತು ಸಣ್ಣ ಹುಡುಗಿಯ ಹಾಗೆ ಅತ್ತುಬಿಟ್ಟೆ.

ಜೋಸಣ್ಣ ಬಂದು ಗಿಟಾರನ್ನು ಮೂಸಿ ನೋಡಿದರು. “ಅಕ್ಕ, ಹೊಗೆ ಹಾಕಿ ಒಣಗಿಸ್ಲಿಕ್ಕೆ ಇದೆಂತ ರಬ್ಬರ್ ಶೀಟಾ?” ಎಂದಷ್ಟೇ ಕೇಳಿದರು. ನಮ್ಮವರಿಗೆ ಇದು ಸುವರ್ಣಾವಕಾಶ. ನಾಳೆಯೇ ಪುತ್ತೂರಿಗೆ ಹೋಗಿ ಕರೆಂಟಿನದ್ದು ತರೋಣ, ಗಟ್ಟಿ ಮರಕ್ಕೆ ಹೊಗೆಯೂ ಇಲ್ಲ ಬೂಸರೂ ಇಲ್ಲ ಎನ್ನಬಹುದಿತ್ತು. ನಾನು ಅದಕ್ಕೇ ಕಾಯುತ್ತಿದ್ದೆ, ನಿಜ ಹೇಳುತ್ತೇನೆ, ಒಪ್ಪಿಕೊಳ್ಳುವವಳೂ ಇದ್ದೆ. ಅವರು ನನ್ನ ಮುಖ ನೋಡಿದರು. ಗಿಟಾರನ್ನು ಎತ್ತಿಕೊಂಡು ಅಂಗಡಿಗೆ ನಡೆದರು. ಪಟ್ಟಿಯ ಅಡಿಯ ಹಳೆಯ ಅಂಟನ್ನು ಕೆರೆದು, ಆಚಾರಿಯಿಂದ ತಂದ ಮರದ ಅಂಟು ಹಾಕಿ, ಪಂಪಿನ ಭಾಗಗಳನ್ನು ಹಿಡಿಸುವ ಕ್ಲಾಂಪುಗಳಿಂದ ಬಿಗಿದು ನಾಲ್ಕು ದಿನ ಯಾರಿಗೂ ಮುಟ್ಟಲು ಬಿಡಲಿಲ್ಲ. ಐದನೆಯ ದಿನ ಜೋಸಣ್ಣ ತಂತಿ ಕಟ್ಟಿದರು. ಪಟ್ಟಿ ಅಲುಗಲಿಲ್ಲ. ಅತ್ತೆ ಮತ್ತೊಮ್ಮೆ ತಟ್ಟಿ ನೋಡಿ ತಲೆಯಾಡಿಸಿದರು.

ಉದ್ಘಾಟನೆಯ ದಿನ ಮಳೆ ಹುಯ್ಯುತ್ತಿತ್ತು. ಕರೆಂಟು ಮಾತ್ರ, ನಮ್ಮ ಓದುಗರ ಮಾನ ಕಳೆಯಲೆಂದೇ, ಒಂದು ಗಳಿಗೆಯೂ ಹೋಗಲಿಲ್ಲ. ನಾನು ವೇದಿಕೆ ಹತ್ತಿದೆ. ಗಿಟಾರು ಒಲೆಯ ಹೊಗೆಯ ವಾಸನೆ ಬೀರುತ್ತಿತ್ತು. ಮುಂದಿನ ಸಾಲಿನ ಗಣ್ಯರೊಬ್ಬರು ಅಡುಗೆ ಸೀದುಹೋಯಿತೇ ಎಂದು ಹಿಂದೆ ತಿರುಗಿ ನೋಡಿದರು. ಸುಗುಣ ಟೀಚರ್ ಸರಿಯಾಗಿ ನನ್ನೆದುರು. ಮೊದಲ ಹಿಡಿತ ಹಿಡಿದೆ, ಮೀಟಿದೆ, ಬಾಯಿ ತೆರೆದೆ. ಆರನೆಯ ತರಗತಿಯಲ್ಲಿ ನಿಂತುಹೋಗಿದ್ದ ಅದೇ ಪ್ರಾರ್ಥನೆಯನ್ನು ಸ್ವರ ತೆಗೆದು, ಇಡೀ ಸಭೆಗೆ ಕೇಳುವ ಹಾಗೆ ಹಾಡಿದೆ. ಎರಡನೆಯ ಸಾಲಿನಲ್ಲಿ ಈ ಬಾರಿ ತಡವರಿಸಲಿಲ್ಲ. ಕೊನೆಯ ಮೀಟು ಮುಗಿದಾಗ ಮಳೆಯ ಸದ್ದನ್ನೂ ಮುಳುಗಿಸುವ ಚಪ್ಪಾಳೆ. ಗ್ರಂಥಾಲಯದಲ್ಲಿ ಅಷ್ಟು ಗಲಾಟೆ ಆದದ್ದು ಅದೇ ಮೊದಲು, ನಾನು ‘ಶ್’ ಅನ್ನಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷ ಪಟ್ಟದ್ದು ನೆನಪಿಲ್ಲ.

ಗೋಳಿಬಜೆ ತಿನ್ನುವ ಹೊತ್ತಿಗೆ ಸುಗುಣ ಟೀಚರ್ ಕೋಲೂರಿಕೊಂಡು ಬಂದು ನನ್ನ ಕೈ ಹಿಡಿದರು. “ಒಳ್ಳೆ ಸ್ವರ ಉಂಟು ನಿಂದು. ಸಣ್ಣದಿರುವಾಗ ಯಾರು ಕಲಿಸಿದ್ದು?” ಎಂದು ಕೇಳಿದರು. ಮೂವತ್ತಾರು ವರ್ಷದಿಂದ ಕಾದ ಗಳಿಗೆ. “ನೀವೇ ಟೀಚರ್. ಸುಳ್ಯದಲ್ಲಿ, ಆರನೇ ಕ್ಲಾಸಲ್ಲಿ. ಬಾಯಿ ಮಾತ್ರ ಆಡಿಸು, ಸ್ವರ ತೆಗಿಬೇಡ ಅಂತ ಹೇಳಿದ್ದಿರಿ” ಎಂದೆ. ನಾನು ಅವರ ಮುಖ ಬಾಡುವುದನ್ನು ಕಾಯುತ್ತಿದ್ದೆ. ಮುಖ ಅರಳಿತು. “ಹಾಗಾ? ನೋಡು, ಅದಕ್ಕೇ ಸ್ವರ ಹಾಳಾಗದೆ ಉಳಿದದ್ದು!” ಎಂದು ನನ್ನ ಬೆನ್ನು ತಟ್ಟಿ, ಇನ್ನೊಂದು ಗೋಳಿಬಜೆ ತೆಗೆದುಕೊಂಡರು. ನಾನು ಗೆದ್ದವಳು, ಗೆದ್ದವರು ಸಣ್ಣ ವಿಷಯಕ್ಕೆ ವಾದಿಸಬಾರದು ಎಂದು ಸುಮ್ಮನಾದೆ.

ಈಗ ನನಗೆ ಒಳ್ಳೆಯ ಹೆಸರಿದೆ. ಸ್ವಸಹಾಯ ಸಂಘದ ವಾರ್ಷಿಕೋತ್ಸವಕ್ಕೂ ಕರೆ ಬಂದಿದೆ. ಮೊನ್ನೆ ಸಂಜೆ ಅಭ್ಯಾಸಕ್ಕೆ ಕೂತಾಗ ನಮ್ಮವರು ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತರು. ಈ ಸಲ ತಾನೂ ಜೊತೆಗೆ ಹಾಡುತ್ತೇನೆ, ಗಿಟಾರಿನಲ್ಲಿ ತನ್ನದೂ ಅಂಟು ಉಂಟಲ್ಲ ಎಂದು ನಾಚುತ್ತ ಹೇಳಿದರು. ಆ ಗಿಟಾರನ್ನು ಉಳಿಸಿದ ಮನುಷ್ಯನಿಗೆ ಬೇಡವೆನ್ನಲು ಹೇಗೆ ಮನಸ್ಸು ಬಂದೀತು? ಖಂಡಿತ ಹಾಡಿ ಎಂದೆ. ಹಾಡಿದರು. ಬೇರಿಂಗ್ ಹೋದ ಪಂಪಿನ ಸದ್ದನ್ನು ನೀವು ಕೇಳಿದ್ದರೆ ನಾನು ಹೆಚ್ಚು ವಿವರಿಸಬೇಕಿಲ್ಲ. ನನಗೆ ಅರಿವಿಲ್ಲದೆಯೇ ನನ್ನ ಕಿವಿ ಅವರ ಬಾಯಿಯ ಹತ್ತಿರ ಹೋಗಿತ್ತು. ಎರಡು ಸಾಲು ಕೇಳಿದೆ. ಆಮೇಲೆ ಬಹಳ ಮೃದುವಾಗಿ, “ನೀವು ಬಾಯಿ ಮಾತ್ರ ಆಡಿಸಿ, ಸ್ವರ ತೆಗಿಬೇಡಿ” ಅಂದೆ. ಅವರು ತಕ್ಷಣ ಒಪ್ಪಿದರು. ಅವರ ಸ್ವರ ಹಾಳಾಗದೆ ಉಳಿಯಲಿ ಎಂದಷ್ಟೇ ನನ್ನ ಆಸೆ.