ರುಚಿ ನೋಡಿದ್ದು ತಿಂದ ಲೆಕ್ಕವಲ್ಲ

ರುಚಿ ನೋಡದೆ ಏನನ್ನೂ ಕೊಳ್ಳಬೇಡಿ ಎಂಬುದು ಕೇಳಿದವರಿಗೂ ಕೇಳದವರಿಗೂ ನಾನು ಕೊಡುತ್ತ ಬಂದ ಸಲಹೆ. ಅದರಿಂದ ಕೆಲವರಿಗೆ ಲಾಭವಾಗಿದೆ. ನನಗೆ ರಕ್ತದೊತ್ತಡ ಬಂದಿದೆ. ಬೀದರಿನಿಂದ ಬರಿಗೈಯಲ್ಲಿ ಹೈದರಾಬಾದಿಗೆ ಬಂದ ನನ್ನನ್ನು ನಾಲ್ಕು ಜನ ಸೇಠ್ ಎನ್ನುವಂತೆ ಮಾಡಿದ್ದು ನನ್ನ ನಾಲಿಗೆ. ಬೇಗಂ ಬಜಾರಿನಲ್ಲಿ ಉಪ್ಪಿನಕಾಯಿ, ಹಪ್ಪಳ, ಖಾರಾ ಬೂಂದಿ ಸಗಟಾಗಿ ಕೊಂಡು ಮಲ್ಕಾಜ್‌ಗಿರಿ, ಬಾಲಾನಗರದ ಚಿಲ್ಲರೆ ಅಂಗಡಿಗಳಿಗೆ ಮುಟ್ಟಿಸುವುದು ನನ್ನ ದಂಧೆ. ವ್ಯಾಪಾರಿ ನನ್ನ ಅಂಗೈ ಮೇಲೆ ಮಾವಿನ ಹೋಳೊಂದನ್ನು ಇಡುತ್ತಾನೆ. ಅದನ್ನು ಚೀಪಿ, ಮುಖ ಸಿಂಡರಿಸಿ, ಉಪ್ಪು ಜಾಸ್ತಿಯಾಯಿತು ಅಂದರೆ ದರ ಇಳಿಯುತ್ತದೆ. ಸರಿಯಾಗಿದ್ದರೂ ಹಾಗೆಯೇ ಅನ್ನಬೇಕು. ಹೀಗೆ ಬಾಯಿಗೆ ಹೋದದ್ದು ತಕ್ಕಡಿಗೆ ಏರುವುದಿಲ್ಲ, ಬಿಲ್ಲಿಗೂ ಬರುವುದಿಲ್ಲ. ಹೊಟ್ಟೆಯ ಲೆಕ್ಕಕ್ಕೂ ಬಾರದು ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಡಾಕ್ಟರಮ್ಮ ಉಪ್ಪು ಕಡಿಮೆ ಮಾಡಲು ಹೇಳಿದರು. ಉಪ್ಪಿನ ಸೋಡಿಯಂ ಮೈಯಲ್ಲಿ ನೀರು ಹಿಡಿದಿಟ್ಟು ಒತ್ತಡ ಏರಿಸುತ್ತದೆ, ಹೃದಯಕ್ಕೆ ಹೊರೆಯಾಗುತ್ತದೆ. ಬಾಳೆಹಣ್ಣು, ಸೊಪ್ಪು, ಬೇಳೆಯಲ್ಲಿರುವ ಪೊಟ್ಯಾಸಿಯಂ ಒತ್ತಡ ಇಳಿಸಲು ನೆರವಾಗುತ್ತದೆ ಎಂದರು. ನಾನು ಚೌಕಾಸಿಗೆ ಇಳಿದೆ.

"ಬಾಳೆಹಣ್ಣ ಹೆಚ್ಚಿಗಿ ತಿಂತೀನ್ರಿ, ಉಪ್ಪು ಹಂಗೇ ಇರಲಿ. ವಜಾ ಆಗಂಗಿಲ್ಲೇನು?"

ಆಗುವುದಿಲ್ಲವಂತೆ. ಪೊಟ್ಯಾಸಿಯಂ ಬೆರೆಸಿದ ಉಪ್ಪು ತರುತ್ತೇನೆ ಎಂದೆ. ಕಿಡ್ನಿ ಹೇಗಿದೆ, ಯಾವ ಮಾತ್ರೆ ನಡೆದಿದೆ ಎಂದು ನೋಡದೆ ಅದನ್ನು ಮುಟ್ಟಲೇಬಾರದು ಎಂದರು. ಇದನ್ನು ನೀವೂ ನೆನಪಿಡಿ.

ಇನ್ನು ನನ್ನ ಹೆಂಡತಿ ಶಾಂತಾ. ಅವಳ ಸಾರಿಗಾಗಿ ಪಕ್ಕದ ಮನೆಯ ತೆಲುಗಮ್ಮ ಬಟ್ಟಲು ಹಿಡಿದು ಬರುತ್ತಿದ್ದಳು. "ಇಬ್ಬರಿಗೆ ಎರಡು ಗಡಿಗಿ ಯಾರು ಇಡ್ತಾರ? ನಿಮಗೇನೋ ಅದೇ ನನಗೂ" ಎಂದು ಶಾಂತಾ ಉಪ್ಪನ್ನು ಅರ್ಧಕ್ಕಿಳಿಸಿದಳು. ನನ್ನ ಒತ್ತಡ ಇಳಿಯಲಿಲ್ಲ. ಅದರಲ್ಲೂ ಅರ್ಧ ಮಾಡಿದಳು. ಒತ್ತಡ ಜಗ್ಗಲಿಲ್ಲ, ಬಟ್ಟಲು ಬರುವುದು ಮಾತ್ರ ನಿಂತಿತು.

ಮುಂದಿನ ಸಲ ದವಾಖಾನೆಯಲ್ಲಿ ಶಾಂತಾಳ ಕಣ್ಣು ತುಂಬಿತ್ತು. "ಇನ್ನ ಎಷ್ಟು ಕಡಿಮಿ ಮಾಡ್ಲಿ? ನನ್ನ ಕೈಯಾಗೇ ಏನೋ ದೋಷ ಐತಿ."

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಉಪ್ಪಿನಕಾಯಿ ವ್ಯಾಪಾರಿ ಯಾದಗಿರಿ. ಅವನಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. "ಸೇಠ್, ಕೊತ್ತ ಆವಕಾಯ ವಚ್ಚಿಂದಿ, ರುಚಿ ಚೂಸಿ ಪೋ." ಹೊಸ ಮಾಲು ಬಂದಿದೆ, ರುಚಿ ನೋಡಿ ಹೋಗು ಎಂಬುದು ಇಡೀ ಕೋಣೆಗೆ ಕೇಳಿಸಿತು.

ಏನೇನು ರುಚಿ ನೋಡುತ್ತೀರಿ ಎಂದರು ಡಾಕ್ಟರಮ್ಮ. ಕಸುಬಿನ ಬಗ್ಗೆ ಕೇಳಿದರೆ ನಾನು ಹಿಗ್ಗುವವನು.

"ಮುಂಜಾನೆ ಉಪ್ಪಿನಕಾಯಿ, ಆಮ್ಯಾಲ ಹಪ್ಪಳ, ಚಹಾದ ಹೊತ್ತಿಗೆ ಖಾರಾ ಬೂಂದಿ. ಇಡೀ ಬಜಾರು ನನ್ನ ನಾಲಿಗಿ ನಂಬ್ತೈತ್ರಿ."

ಬರೆಯುತ್ತಿದ್ದ ಡಾಕ್ಟರಮ್ಮನ ಪೆನ್ನು ನಿಂತಿತು. ಶಾಂತಾ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು.

"ಅದಕ್ಕ ತಿನ್ನೂದು ಅನ್ನಂಗಿಲ್ಲೇನು?"

"ಅದು ಬರೇ ರುಚಿ ನೋಡೂದು."

"ಹಂಗಾರ ನಾನೂ ಇಷ್ಟು ದಿನ ಅಡಿಗಿ ಮಾಡಿಲ್ಲ ಬಿಡ್ರಿ. ಬರೇ ನೀರು ಕಾಸೀನಿ."

ಈಗ ರುಚಿ ನೋಡುವುದನ್ನು ಮಲ್ಕಾಜ್‌ಗಿರಿಯ ಅಂಗಡಿಯವರಿಗೇ ಬಿಟ್ಟಿದ್ದೇನೆ. ಬಜಾರಿನಲ್ಲಿ ನನ್ನ ಬೆಲೆ ಇಳಿಯಿತು, ಒತ್ತಡವೂ ಇಳಿಯಿತು. ಕಳೆದ ವಾರ, ನಿನಗೊಬ್ಬಳಿಗಾದರೂ ಮೊದಲಿನ ಅಳತೆಯ ಸಾರು ಮಾಡಿಕೋ ಎಂದು ಶಾಂತಾಳನ್ನು ಒತ್ತಾಯಿಸಿದೆ. ಮಾಡಿದಳು. ಇಂಗಿನ ಒಗ್ಗರಣೆಯ ಘಮಕ್ಕೆ ನನ್ನ ಜೀವವೆಲ್ಲ ಮೂಗಿಗೆ ಬಂತು. ಅವಳು ಒಂದು ಗುಟುಕು ಕುಡಿದು ಮುಖ ಸಿಂಡರಿಸಿದಳು. "ಉಪ್ಪಾತ್ರಿ."

ಬಜಾರಿನಲ್ಲಿ ನಾನು ಮಾಡುತ್ತಿದ್ದ ಮುಖವೇ ಅದು. ಆದರೆ ಅವಳು ಚೌಕಾಸಿ ಮಾಡುತ್ತಿರಲಿಲ್ಲ. ನನಗಾಗಿ ಸಪ್ಪೆ ಉಂಡು ಉಂಡು, ಅವಳ ನಾಲಿಗೆಗೆ ಅವಳದೇ ಸಾರು ಪರಕೀಯವಾಗಿತ್ತು. ಬಟ್ಟಲಿನತ್ತ ಕೈ ಚಾಚಿದೆ. ಅವಳು ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

"ಹೇಳಿದ್ನಲ್ಲ, ಉಪ್ಪಾಗೇತಿ. ನಂಬ್ರಿ."

ಜನ್ಮದಲ್ಲಿ ಮೊದಲ ಸಲ, ರುಚಿ ನೋಡದೆ ಒಪ್ಪಿಕೊಂಡೆ.