ದಂಡನಾಯಕರ ಕರಕಲು ರೊಟ್ಟಿ

ಕ್ರಿ.ಶ. ೧೫೬೫ರ ಜನವರಿ ೨೩ರಂದು ರಕ್ಕಸ-ತಂಗಡಿಯ ಯುದ್ಧದಲ್ಲಿ ವಿಜಯನಗರದ ಸೈನ್ಯ ಸೋತಾಗ ಹುಕ್ಕೇರಿಯವರು ಯಾರಾದರೂ ಸತ್ತರೆಂಬುದಕ್ಕೆ ದಾಖಲೆಯಿಲ್ಲ. ಈ ಕೊರತೆಯನ್ನು ನೀಗಿಸುವುದಕ್ಕಾಗಿ ಸರಿಯಾಗಿ ನಾಲ್ಕುನೂರು ವರ್ಷಗಳ ನಂತರ ಊರಿನ ಗಣ್ಯರು ಕೂಡಿ ಶೋಕಾಚರಣ ಸಮಿತಿಯೊಂದನ್ನು ರಚಿಸಿದರು. ಅಧ್ಯಕ್ಷರು ಬೆಲ್ಲದ ವ್ಯಾಪಾರಿ ಬಸವಣ್ಣೆಪ್ಪನವರು. ಇತಿಹಾಸ ವಿಭಾಗ ವಕೀಲ ಪರಪ್ಪನವರಿಗೆ ಹೋಯಿತು, ಏಕೆಂದರೆ ಅವರ ಅಟ್ಟದ ಮೇಲೆ ತುಕ್ಕು ಹಿಡಿದ ಕತ್ತಿಯೊಂದಿತ್ತು. ಮಹಿಳಾ ಸದಸ್ಯೆ ನಾನು. ಬಿ.ಎ. ಆಗಿದ್ದರಿಂದ ಹಾರ ತರಿಸುವುದೂ ಸಭೆಯ ಠರಾವು ಬರೆಯುವುದೂ ನನ್ನ ಪಾಲಿಗೆ ಬಂದವು.

ಮೊದಲ ಸಭೆಯಲ್ಲಿ ಸತ್ತವರ ಸಂಖ್ಯೆಯನ್ನು ನಿರ್ಧರಿಸಲಾಯಿತು. ಗೋಕಾಕದ ಸಮಿತಿ ಎಂಬತ್ತು ಸಾವಿರವೆಂದು ಆಗಲೇ ಕರಪತ್ರ ಹಂಚಿತ್ತು.

"ಅವರಗಿಂತ ನಾವೇನ ಕಡಿಮಿ ಅದೇವೇನ್ರಿ?" ಎಂದರು ಬಸವಣ್ಣೆಪ್ಪನವರು. "ಲಕ್ಷ ಮಾಡ್ರಿ."

ಪರಪ್ಪನವರು ಅನುಮೋದಿಸಿದರು. ಹೆಚ್ಚುವರಿ ಇಪ್ಪತ್ತು ಸಾವಿರ ಮಂದಿ ಚಹಾ ಬರುವುದರೊಳಗೆ ಸತ್ತರು.

ಲಕ್ಷ ಮಂದಿಗೆ ಬಿಡಿಬಿಡಿಯಾಗಿ ಅಳುವುದು ಕಾರ್ಯಕ್ರಮದ ವೇಳೆಗೆ ಹೊಂದುವುದಿಲ್ಲವಾದ್ದರಿಂದ ಎಲ್ಲರ ಪರವಾಗಿ ಒಬ್ಬ ದಂಡನಾಯಕರಿಗೆ ಅಳುವುದೆಂದಾಯಿತು. ಅವರು ತಮ್ಮ ಪೂರ್ವಜರೆಂದು ಊರಿನ ಎರಡು ದೊಡ್ಡ ಮನೆತನಗಳು ಹಟ ಹಿಡಿದದ್ದರಿಂದ ಹೆಸರಿನ ಜಾಗ ಖಾಲಿ ಬಿಡಲಾಯಿತು. ಅಳುವವರ ಪ್ರಶ್ನೆ ಉಳಿಯಿತು. ಗಣ್ಯರ ಮನೆಯ ಹೆಂಗಸರು ಮೈಕಿನ ಮುಂದೆ ಅಳುವುದು ಘನತೆಗೆ ತಕ್ಕುದಲ್ಲವಾದ್ದರಿಂದ ಕೇರಿಯ ಕಾಡವ್ವನನ್ನು ಕರೆಸಿದೆವು.

ಸುತ್ತಿನ ಊರುಗಳಲ್ಲಿ ಯಾರು ಸತ್ತರೂ ಹಾಡಿಕೊಂಡು ಅಳಲು ಕಾಡವ್ವನೇ ಬೇಕು. ಆಕೆ ಬಾಯಿ ತೆರೆದರೆ ಸತ್ತವನ ದಾಯಾದಿಯೂ ಕಣ್ಣೊರೆಸಿಕೊಳ್ಳುತ್ತಾನೆ. ತನ್ನ ಗಂಡ ಉದ್ದಪ್ಪನಿಗೆ ಮಾತ್ರ ಆಕೆ ಅತ್ತಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪಲ್ಟಣ ಸೇರಿ ಬರ್ಮಾಕ್ಕೆ ಹೋದ ಅವನು ಕಾಣೆಯಾಗಿದ್ದಾನೆಂದು ಕಾಗದ ಬಂದಿತ್ತು. ಕಾಣೆಯಾದವನು ಸತ್ತವನಲ್ಲ. ಬದುಕಿದ ಗಂಡನಿಗೆ ಅತ್ತರೆ ಅಪಶಕುನವೆಂದು ಅತ್ತೆಯೂ, ದಾಖಲೆಯಿಲ್ಲದೆ ಯಾರೂ ಸಾಯತಕ್ಕದ್ದಲ್ಲವೆಂದು ಕಚೇರಿಯವರೂ ಇಪ್ಪತ್ತು ವರ್ಷಗಳಿಂದ ತಡೆದಿದ್ದರು. ಹಣೆಯ ಕುಂಕುಮ, ಕೈಯ ಹಸಿರು ಬಳೆ ಹಾಗೆಯೇ ಇದ್ದವು.

"ಅಳತೇನ್ರಿ," ಎಂದಳು ಕಾಡವ್ವ, ಬಾಗಿಲ ಹೊರಗೆ ನಿಂತೇ. "ಆದ್ರ ನನ್ನ ಗಂಡ ಸತ್ತಾನಂತ ಒಂದ ಕಾಗದಾ ಕೊಡಸ್ರಿ. ನಮ್ಮ ಮನ್ಯಾಗ ಕುಂತು, ಅವನ ಹೆಸರ ಹೇಳಿ, ಒಮ್ಮಿ ಅಳಬೇಕಾಗೇತಿ."

"ಅದೇನ ದೊಡ್ಡ ಮಾತ ಬಿಡ," ಎಂದರು ಬಸವಣ್ಣೆಪ್ಪನವರು. "ಮದಲ ಈ ಲಕ್ಷ ಮಂದೀದು ಮುಗೀಲಿ. ಆಮ್ಯಾಲ ನಿನ್ನ ಗಂಡನ್ನೂ ಸಾಯಸೂಣಂತ."

ಕಾಡವ್ವ ಕೆಲಸಕ್ಕೆ ತೊಡಗಿದಳು. "ದಂಡನಾಯಕ ಏನ ಉಣತಿದ್ದಾರಿ?"

ಎಲ್ಲರೂ ಪರಪ್ಪನವರತ್ತ ನೋಡಿದರು. "ಇತಿಹಾಸದಾಗ ಊಟಾ ಬರೂದುಲ್ಲ," ಎಂದರು ಅವರು.

"ಹೆಂಗ ಮಲಗತಿದ್ದ? ಮನ್ಯಾಗ ಏನ ಕೆಲಸಾ ಅರ್ಧಾ ಬಿಟ್ಟ ಹೋದ?"

"ಅದೂ ಬರೂದುಲ್ಲ. ಆನಿ ಎಷ್ಟ, ಕುದರಿ ಎಷ್ಟ, ಅಂಥಾದ್ದ ಕೇಳ."

"ಆನಿಗಿ ಅಳಾಕ ನನಗ ಬರಂಗಿಲ್ರಿ."

ಇಕ್ಕಟ್ಟನ್ನು ಬಗೆಹರಿಸಿದವರು ಅಧ್ಯಕ್ಷರು. "ನಿನ್ನ ಗಂಡಂದ ಹಾಕಿ ಅಳು. ಹೆಸರಷ್ಟ ದಂಡನಾಯಕರದು."

ಕಾಡವ್ವ ಕೈಯ ಬಳೆ ತಿರುವಿದಳು. ಆಮೇಲೆ ಹೇಳಿದಳು, ನಾನು ಬರೆದುಕೊಂಡೆ. ರೊಟ್ಟಿಯ ಕರಕಲು ಅಂಚನ್ನೇ ಮೊದಲು ಮುರಿದು ತಿನ್ನುತ್ತಿದ್ದ. ಎಂಥ ಚಳಿಯಲ್ಲೂ ಒಂದು ಕಾಲು ಕಂಬಳಿಯ ಹೊರಗೇ. ಪುಂಡಿನಾರಿನ ಹಗ್ಗವನ್ನು ಅರ್ಧ ಹೊಸೆದು ಗೂಟಕ್ಕೆ ಸಿಕ್ಕಿಸಿ ಹೋಗಿದ್ದ, ಅದು ಇನ್ನೂ ಗೂಟದಲ್ಲಿದೆ. ಹಲ್ಲಿಗೆ ಹೆದರುತ್ತಿದ್ದ.

"ಹಲ್ಲಿಗಿ ಹೆದರೂದು ದಂಡನಾಯಕರಿಗೆ ಶೋಭಾ ಕೊಡೂದುಲ್ಲ," ಎಂದರು ಪರಪ್ಪನವರು. ಚರ್ಚೆಯ ಬಳಿಕ, ಹಲ್ಲಿಯೇ ದಂಡನಾಯಕರಿಗೆ ಹೆದರುತ್ತಿತ್ತೆಂದು ತಿದ್ದುಪಡಿಯಾಯಿತು.

ಜನವರಿ ೨೩ರ ಬೆಳಿಗ್ಗೆ ಸಂಕೇಶ್ವರದಿಂದ ಧ್ವನಿವರ್ಧಕ ಬಂತು. ಗಣ್ಯರು ವೇದಿಕೆಯ ಮೇಲೆಯೂ ಶೋಕ ವೇದಿಕೆಯ ಕೆಳಗೂ ಇರತಕ್ಕದ್ದೆಂಬ ನಿಯಮದಂತೆ ಕಾಡವ್ವನನ್ನು ನೆಲದ ಮೇಲೆ ಕೂಡ್ರಿಸಿ ಮೈಕು ಬಗ್ಗಿಸಿದರು.

"ಕರಕ ಅಂಚಿನ ರೊಟ್ಟಿ ಮುಚ್ಚಿಟ್ಟ ಕುಂತೀನಿ, ಯಾರಿಗಿ ನೀಡಲೋ ಮಾನ್ಯ ದಂಡನಾಯಕರೇ... ಕಂಬಳಿ ಹೊರಗಿನ ಕಾಲಿಗಿ ಯಾವ ನೆಲದ ಥಂಡಿ ಬಡದೈತೋ ನನ್ನ ದೊರಿಯೇ..."

ಸಂತೆಗೆ ಬಂದವರು ಚೀಲ ಇಳಿಸಿ ನಿಂತರು. ಅಧ್ಯಕ್ಷರು ಶಲ್ಯದಿಂದ ಮೂಗು ಒರೆಸಿಕೊಂಡರು. ಹಗ್ಗದ ಸಾಲಿಗೆ ಬಂದಾಗ ಕಾಡವ್ವನ ಬಾಯಿಂದ "ಉದ್ದಪ್ಪಾ" ಎಂದು ಹೊರಟಿತು. ಪರಪ್ಪನವರು ಕೂಡಲೇ ವಾಯರು ಕಿತ್ತರು. ವರದಿಯಲ್ಲಿ ಇದನ್ನು ಯಂತ್ರದೋಷವೆಂದು ನಮೂದಿಸಿದ್ದೇನೆ.

ಸಮಾರಂಭ ಎಷ್ಟು ಯಶಸ್ವಿಯಾಯಿತೆಂದರೆ, ಪ್ರತಿ ವರ್ಷ ನಡೆಸುವುದೆಂದಾಯಿತು. ಸ್ಮರಣ ಸಂಚಿಕೆ ಅಚ್ಚಾಯಿತು. ದಂಡನಾಯಕರ ಅಚ್ಚುಮೆಚ್ಚಿನ ಆಹಾರ ಯಾವುದೆಂದು ಶಾಲೆಯ ಪರೀಕ್ಷೆಯಲ್ಲಿ ಕೇಳಿದರು. 'ಕರಕಲು ರೊಟ್ಟಿ' ಎಂದು ಬರೆಯದವರು ನಪಾಸಾದರು. ಕಾಡವ್ವನ ಗೂಟದ ಹಗ್ಗವನ್ನು ತಂದು ಗಾಜಿನ ಕಪಾಟಿನಲ್ಲಿಟ್ಟು '೧೫೬೫' ಎಂದು ಚೀಟಿ ಅಂಟಿಸಲಾಯಿತು.

ಬಸವಣ್ಣೆಪ್ಪನವರು ಮಾತಿಗೆ ತಪ್ಪುವವರಲ್ಲ. ಶ್ರಾವಣದಲ್ಲಿ ಉದ್ದಪ್ಪ ಸತ್ತಿರುವನೆಂಬ ಕಾಗದ ಬಂತು. ಕಾಡವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು, ಹಗ್ಗ ಕೇಳಲು ಬಂದಳು. "ನಾಳಿ ಮನ್ಯಾಗ ಅಳತೇನ್ರಿ."

ಪರಪ್ಪನವರು ಒಂಬತ್ತನೆಯ ನಿಯಮ ಓದಿದರು: "ಸಮಿತಿಯು ಪ್ರಕಟಿಸಿದ ವಿವರಗಳನ್ನಾಗಲಿ, ಪ್ರದರ್ಶಿಸಿದ ವಸ್ತುಗಳನ್ನಾಗಲಿ ಖಾಸಗಿ ಸಾವುಗಳಿಗೆ ಬಳಸತಕ್ಕದ್ದಲ್ಲ."

"ಅವು ನನ್ನ ಗಂಡನ್ವ ಅಲ್ಲೇನ್ರಿ?"

"ಇದ್ದವು. ಈಗ ಅಚ್ಚಾಗ್ಯಾವು. ಕೇರಿ ಉದ್ದಪ್ಪನೂ ಕರಕ ರೊಟ್ಟಿ ತಿಂತಿದ್ದ, ದಂಡನಾಯಕರೂ ತಿಂತಿದ್ರು ಅಂದ್ರ ಮಂದಿ ಏನ ತಿಳಕೋಬೇಕು? ಬ್ಯಾರೆ ಏನರ ಹೇಳಿ ಅಳು."

"ಎರಡ ವರ್ಷ ಇದ್ದಾಂವರಿ ನನ್ನ ಕೂಡ. ಬ್ಯಾರೆ ಎಲ್ಲಿಂದ ತರ್ಲಿ?"

ಅಧ್ಯಕ್ಷರಿಗೆ ಕನಿಕರ ಹುಟ್ಟಿತು. "ಹಲ್ಲಿಗಿ ಹೆದರತಿದ್ದಲ್ಲ, ಅದು ನಮಗ ಬ್ಯಾಡಾಗೇತಿ. ಅದನ್ನ ನೀ ಒಯ್ಯಿ."

ಹಲ್ಲಿಯನ್ನು ಅರ್ಜಿದಾರಳಿಗೆ ಮರಳಿಸಲಾಗಿದೆಯೆಂದು ಠರಾವು ಬರೆದೆ. ಕಾಡವ್ವ ಹೆಬ್ಬೆಟ್ಟು ಒತ್ತಿದಳು.

ಮರುದಿನ ತುಕ್ಕಾನಟ್ಟಿಯಿಂದ ಉದ್ದಪ್ಪನ ತಂಗಿ ಸತ್ತೆವ್ವ ಮಂದಿಯನ್ನು ಕಟ್ಟಿಕೊಂಡು ಬಂದಳು. ಕಾಡವ್ವ ಬಳೆ ಒಡೆದುಕೊಂಡು ಖಾಲಿ ಗೂಟದ ಕೆಳಗೆ ಕುಳಿತಳು. "ಹಲ್ಲಿಗಿ ಹೆದರಾಂವಾ..." ಎಂದು ಒಮ್ಮೆ ಎತ್ತಿದಳು. ಮುಂದಿನ ಸಾಲು ಬರಲಿಲ್ಲ.

"ರೊಟ್ಟಿ ಅಂಚಿಂದ ಹಾಡ ಯವ್ವಾ," ಎಂದಳು ಸತ್ತೆವ್ವ.

"ಅದು ದಂಡನಾಯಕಂದು."

"ಕಂಬಳೀದು?"

"ಅದೂ."

ಸತ್ತೆವ್ವ ಖಾಲಿ ಗೂಟ ನೋಡಿದಳು. "ಮ್ಯಾಲಿನವರ ಹೆಸರಿಗಿ ಆಗೇತಂದ್ರ ಮುಟ್ಟಬಾರದು ಬಿಡ," ಎಂದಳು. ನೆರೆದವರೆಲ್ಲ ಹೌದೆಂದರು. ಎಲ್ಲರೂ ಉಂಡು, ಸಂಜೆಯ ಬಸ್ಸಿಗೆ ಹೋದರು.

ಮುಂದಿನ ಜನವರಿ ೨೩ಕ್ಕೆ ಅವರೆಲ್ಲ ಬೆಳಗಿನ ಬಸ್ಸಿಗೇ ಬಂದು ವೇದಿಕೆಯ ಕೆಳಗೆ ಮುಂದಿನ ಸಾಲಿನಲ್ಲಿ ಕುಳಿತರು. ಕಾಡವ್ವ ರೊಟ್ಟಿಯಿಂದ ಶುರುಮಾಡಿದಳು. ಸತ್ತೆವ್ವ ನೆಲಕ್ಕೆ ತಲೆ ಬಡಿದುಕೊಂಡಳು. ಅಂದಿನ ಠರಾವು ಹೀಗಿದೆ: "ದಂಡನಾಯಕರಿಗೆ ಯಾವ ರೀತಿಯಲ್ಲೂ ಸಂಬಂಧಿಕರಲ್ಲದಿದ್ದರೂ ತುಕ್ಕಾನಟ್ಟಿಯ ನಾಗರಿಕರು ತಮ್ಮ ಮನೆಯವನೇ ಸತ್ತಂತೆ ಅತ್ತದ್ದಕ್ಕೆ ಸಮಿತಿ ಮೆಚ್ಚುಗೆ ವ್ಯಕ್ತಪಡಿಸುತ್ತದೆ. ಸರ್ವಾನುಮತದಿಂದ ಅಂಗೀಕಾರ."